ವಾಯುಭಾರ ಇಳಿದಾಗ ಗುರುತ್ವವೂ ಬದಲಾಗುತ್ತದೆಯೇ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಫೋನಿನ ಆ್ಯಪ್ ಬಳಸಿ ದಿನಾ ಬೆಳಗ್ಗೆ 10 ಗಂಟೆಗೂ ಸಂಜೆ 4 ಗಂಟೆಗೂ ವಾಯುಭಾರ ಮತ್ತು ಗುರುತ್ವದ ಅಂಕಿ ಬರೆದಿಟ್ಟರು. ಹೆಚ್ಚಿನ ದಿನಗಳಲ್ಲಿ ಸಂಜೆಗೆ ವಾಯುಭಾರ ಸುಮಾರು 3 ಮಿಲಿಬಾರ್ ಇಳಿಯುತ್ತದೆ, ಅದೇ ಹೊತ್ತಿಗೆ ಗುರುತ್ವದ ಅಂಕಿಯೂ 9.79ರಿಂದ 9.77ಕ್ಕೆ ಇಳಿಯುತ್ತದೆ. ಇವೆರಡಕ್ಕೂ ಸಂಬಂಧ ಇದೆಯೇ? ಶ್ರೀಲಂಕಾದ ಕೆಳಗೆ ಗುರುತ್ವ ಕಡಿಮೆ ಇರುವುದರಿಂದಲೇ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಆಗುತ್ತದೆ ಎಂಬ ವಾಟ್ಸಾಪ್ ಸಂದೇಶವೂ ಮಕ್ಕಳ ಕೈಗೆ ಬಂದಿದೆ. ಅಮಾವಾಸ್ಯೆ, ಹುಣ್ಣಿಮೆಗೆ ಮಳೆ ತಿರುಗುತ್ತದೆ ಎಂದು ಊರಿನ ಹಿರಿಯರು ಹೇಳುವುದಕ್ಕೂ ಇದಕ್ಕೂ ನಂಟಿದೆಯೇ?

ಉತ್ತರ:

ಮಾಸ್ಟ್ರೇ, ಮಕ್ಕಳು ದಿನಾ ಒಂದೇ ಹೊತ್ತಿಗೆ ಅಂಕಿ ಬರೆದಿಟ್ಟದ್ದು ತುಂಬ ದೊಡ್ಡ ಕೆಲಸ. ಆ ಪಟ್ಟಿಯಲ್ಲಿ ಒಂದು ಅಪ್ಪಟ ಸಂಗತಿ ಸಿಕ್ಕಿದೆ. ಆದರೆ ಅವರು ಹುಡುಕಿದ್ದು ಒಂದು, ಅವರಿಗೆ ಸಿಕ್ಕಿದ್ದು ಇನ್ನೊಂದು.

ಮೊದಲು ನೇರ ಉತ್ತರ. ವಾಯುಭಾರಕ್ಕೂ ಗುರುತ್ವಕ್ಕೂ ಸಂಬಂಧ ಇದೆ, ಅದನ್ನು ಅಳೆದೂ ಆಗಿದೆ. ಆದರೆ ಅದು ಹೆಚ್ಚುಕಡಿಮೆ ಒಂದೇ ದಿಕ್ಕಿನ ಸಂಬಂಧ. ವಾಯುಭಾರ ಬದಲಾದರೆ ಗುರುತ್ವ ಅತ್ಯಲ್ಪವಾಗಿ ಬದಲಾಗುತ್ತದೆ. ಗುರುತ್ವದ ಸಣ್ಣ ಏರುಪೇರಿನಿಂದ ವಾಯುಭಾರ ಕುಸಿಯುವುದಿಲ್ಲ. ಮಕ್ಕಳ ಫೋನು ಕಂಡದ್ದು ಈ ಎರಡರಲ್ಲಿ ಯಾವುದೂ ಅಲ್ಲ.

ಗಾಳಿಗೂ ದ್ರವ್ಯರಾಶಿ ಇದೆ ಎಂಬಲ್ಲಿಂದ ಶುರುಮಾಡೋಣ. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 10 ಟನ್ ಗಾಳಿ ನಿಂತಿರುತ್ತದೆ. ವಾಯುಭಾರ ಎಂದು ನಾವು ಅಳೆಯುವುದು ಆ ಗಾಳಿಯ ಭಾರವನ್ನೇ. ವಾಯುಭಾರ 1 ಮಿಲಿಬಾರ್ ಏರಿತೆಂದರೆ ಪ್ರತಿ ಚದರ ಮೀಟರಿನ ಮೇಲೆ ಇನ್ನೊಂದು 10 ಕಿಲೋ ಗಾಳಿ ಬಂದು ಸೇರಿದೆ ಎಂದರ್ಥ. ದ್ರವ್ಯರಾಶಿ ಇದ್ದಲ್ಲಿ ಸೆಳೆತವೂ ಇದೆ. ಈ ಹೆಚ್ಚುವರಿ ಗಾಳಿ ಇರುವುದು ನಮ್ಮ ತಲೆಯ ಮೇಲೆ, ಹಾಗಾಗಿ ಅದು ಎಳೆಯುವುದು ಮೇಲಕ್ಕೆ. ಭೂಮಿ ಕೆಳಕ್ಕೆ ಎಳೆಯುವುದರಲ್ಲಿ ಅಷ್ಟು ಕಳೆದುಹೋಗುತ್ತದೆ. ಅಂದರೆ ವಾಯುಭಾರ ಏರಿದರೆ ಗುರುತ್ವ ಇಳಿಯಬೇಕು, ವಾಯುಭಾರ ಇಳಿದರೆ ಗುರುತ್ವ ಏರಬೇಕು. ನಿಮ್ಮ ಪಟ್ಟಿಯಲ್ಲಿ ಎರಡೂ ಒಟ್ಟಿಗೆ ಇಳಿದಿವೆ. ದಿಕ್ಕೇ ತಿರುಗುಮುರುಗು. ಉಳಿದದ್ದನ್ನೆಲ್ಲ ಬಿಟ್ಟರೂ ಇದೊಂದೇ ಸಾಕು, ಫೋನಿನ ಅಂಕಿಗೆ ಬೇರೆ ಕಾರಣ ಹುಡುಕಬೇಕು ಎನ್ನುವುದಕ್ಕೆ.

ಇನ್ನು ಪ್ರಮಾಣ. ಗುರುತ್ವ ಅಳೆಯುವವರು ಬಳಸುವ ಏಕಮಾನ ಗ್ಯಾಲ್. ಗೆಲಿಲಿಯೋ ಹೆಸರಿನಿಂದ ಬಂದದ್ದು, ಸೆಕೆಂಡಿಗೆ ಸೆಕೆಂಡಿಗೆ 1 ಸೆಂಟಿಮೀಟರ್ ವೇಗೋತ್ಕರ್ಷ. ಫೋನು 9.8 ಮೀಟರಿನ ಆಸುಪಾಸು ತೋರಿಸುವ ಭೂಮಿಯ ಗುರುತ್ವ ಈ ಏಕಮಾನದಲ್ಲಿ ಸುಮಾರು 980 ಗ್ಯಾಲ್. ಗ್ಯಾಲಿನ ಹತ್ತು ಲಕ್ಷದ ಒಂದು ಭಾಗ ಮೈಕ್ರೋಗ್ಯಾಲ್. 1 ಮಿಲಿಬಾರ್ ವಾಯುಭಾರ ಹೆಚ್ಚಿದರೆ ಗಾಳಿಯ ಮೇಲ್ಮುಖ ಸೆಳೆತದಿಂದ ಗುರುತ್ವ ಸುಮಾರು 0.4 ಮೈಕ್ರೋಗ್ಯಾಲ್ ಕಡಿಮೆಯಾಗುತ್ತದೆ. ಆದರೆ ಅದೇ ಗಾಳಿಯ ಭಾರಕ್ಕೆ ನೆಲವೂ ಮಿಲಿಮೀಟರಿನ ಒಂದು ಸಣ್ಣ ಭಾಗದಷ್ಟು ಕುಗ್ಗುತ್ತದೆ. ನೆಲ ಕುಗ್ಗಿದರೆ ನಾವು ಭೂಮಿಯ ಕೇಂದ್ರಕ್ಕೆ ಅಷ್ಟು ಹತ್ತಿರವಾದೆವು, ಗುರುತ್ವ ಸುಮಾರು 0.1 ಮೈಕ್ರೋಗ್ಯಾಲ್ ಹೆಚ್ಚಾಯಿತು. ಎರಡೂ ಕೂಡಿ ಕಳೆದರೆ ಉಳಿಯುವುದು ಮಿಲಿಬಾರಿಗೆ ಸುಮಾರು 0.3 ಮೈಕ್ರೋಗ್ಯಾಲ್ ಇಳಿಕೆ. ಜಗತ್ತಿನ ಎಲ್ಲ ಕಡೆ ಗುರುತ್ವ ಅಳೆಯುವವರು ಮೊದಲ ತಿದ್ದುಪಡಿಯಾಗಿ ಬಳಸುವುದು ಇದೇ ಅಂಕಿಯನ್ನು.

ನಿಮ್ಮ ಶಾಲೆಯಲ್ಲಿ ವಾಯುಭಾರ 3 ಮಿಲಿಬಾರ್ ಇಳಿದಾಗ ಗುರುತ್ವ ಏರಬೇಕಾದದ್ದು ಸುಮಾರು 1 ಮೈಕ್ರೋಗ್ಯಾಲ್. 9.79 ಎಂದು ಬರೆಯುವ ಅಂಕಿಯಲ್ಲಿ ಅದು ದಶಾಂಶ ಬಿಂದುವಿನ ನಂತರ ಎಂಟನೇ ಸ್ಥಾನ. ಫೋನು ತೋರಿಸಿದ್ದು ಎರಡನೇ ಸ್ಥಾನದಲ್ಲಿ 0.02ರ ಬದಲಾವಣೆ, ಅಂದರೆ 20 ಲಕ್ಷ ಮೈಕ್ರೋಗ್ಯಾಲ್. ಅಷ್ಟು ಗುರುತ್ವ ನಿಜವಾಗಿ ಕಡಿಮೆಯಾಗಬೇಕಿದ್ದರೆ ಇಡೀ ಶಾಲೆ 6 ಕಿಲೋಮೀಟರಿಗೂ ಹೆಚ್ಚು ಎತ್ತರಕ್ಕೆ ಏರಬೇಕಾಗುತ್ತಿತ್ತು.

ಹಾಗಿದ್ದರೆ ಫೋನು ಕಂಡದ್ದೇನು? ಬಿಸಿಲನ್ನು. ಫೋನಿನ ಒಳಗೆ ಗುರುತ್ವದ ಅಂಕಿ ಕೊಡುವ ಆಕ್ಸೆಲೆರೋಮೀಟರ್ ಎಂದರೆ ಕೂದಲೆಳೆಗಿಂತ ಸಪೂರ ಸಿಲಿಕಾನ್ ಎಳೆಗಳಿಗೆ ನೇತುಬಿದ್ದ ಪುಟ್ಟ ತುಂಡು. ಫೋನು ಅಡ್ಡವೋ ನೇರವೋ ಎಂದು ತಿಳಿಯುವುದಕ್ಕೆ, ಹೆಜ್ಜೆ ಎಣಿಸುವುದಕ್ಕೆ ಅದು ಧಾರಾಳ ಸಾಕು. ಆದರೆ ಸಿಲಿಕಾನ್ ಬಿಸಿಯಾದರೆ ಅದರ ಬಿಗಿ ಬದಲಾಗುತ್ತದೆ, ಸರ್ಕ್ಯೂಟಿನ ಶೂನ್ಯಬಿಂದು ಜರುಗುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಎರಡನೇ ದಶಾಂಶ ಸ್ಥಾನ ಅತ್ತಿತ್ತ ಆಗುವುದು ತೀರಾ ಸಾಮಾನ್ಯ. ಬೆಳಗ್ಗೆ ತಂಪಿದ್ದ ಫೋನು ಸಂಜೆ ಹೊತ್ತಿಗೆ ಕಾದ ಕ್ಲಾಸ್‌ರೂಮಿನಲ್ಲಿ, ಕೈಯಿಂದ ಕೈಗೆ ದಾಟಿ, ಸ್ಕ್ರೀನ್ ಉರಿದು ಬಿಸಿಯಾಗಿರುತ್ತದೆ. ಇದನ್ನು ಮಕ್ಕಳೇ ಪರೀಕ್ಷಿಸಬಹುದು: ಬೆಳಗ್ಗೆ 10ಕ್ಕೇ ಫೋನನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಅಂಕಿ ನೋಡಲಿ, ವಾಯುಭಾರ ಇಳಿಯದೆಯೂ ಗುರುತ್ವದ ಅಂಕಿ ಸರಿಯುತ್ತದೆ. ಫೋನನ್ನು ಮುಖ ಮೇಲೆ ಮಾಡಿ ಒಮ್ಮೆ, ಮಗುಚಿ ಹಾಕಿ ಒಮ್ಮೆ ಅಳೆದು ಸರಾಸರಿ ತೆಗೆದರೆ ಶೂನ್ಯಬಿಂದುವಿನ ದೋಷ ಬಹುಪಾಲು ಕಳೆದುಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಕೆಲವು ಫೋನುಗಳಲ್ಲಿ 'ಗುರುತ್ವ' ಎಂದು ಕಾಣಿಸುವುದು ಅಳತೆಯೇ ಅಲ್ಲ. ಅದು ಗುರುತ್ವದ ದಿಕ್ಕನ್ನಷ್ಟೇ ಲೆಕ್ಕ ಹಾಕುತ್ತದೆ, ಪ್ರಮಾಣವನ್ನು 9.80665 ಎಂದು ಮೊದಲೇ ಇಟ್ಟುಕೊಂಡಿರುತ್ತದೆ. ಅಂಥ ಆ್ಯಪಿನಲ್ಲಿ 'ಆಕ್ಸೆಲೆರೋಮೀಟರ್' ಎಂಬ ಅಂಕಿಯನ್ನೇ ನೋಡಬೇಕು.

ವಾಯುಭಾರದ ಅಂಕಿಯ ವಿಷಯ ಪೂರ್ತಿ ಬೇರೆ. ಫೋನಿನ ವಾಯುಭಾರ ಮಾಪಕ ನಿಜಕ್ಕೂ ಸೂಕ್ಷ್ಮ. ಒಟ್ಟು ಅಂಕಿಯಲ್ಲಿ ಒಂದು ಮಿಲಿಬಾರ್ ಆಚೀಚೆ ಇರಬಹುದು, ಆದರೆ ಬದಲಾವಣೆಯನ್ನು ಚೆನ್ನಾಗಿ ಹಿಡಿಯುತ್ತದೆ. ಮಕ್ಕಳು ಕಂಡ ಆ 3 ಮಿಲಿಬಾರ್ ಇಳಿಕೆ ನೂರಕ್ಕೆ ನೂರು ನಿಜ. ನಮ್ಮಂಥ ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಗ್ಗೆ 10 ಮತ್ತು ರಾತ್ರಿ 10ರ ಹೊತ್ತಿಗೆ ಗರಿಷ್ಠ, ಬೆಳಗಿನ ಜಾವ 4 ಮತ್ತು ಸಂಜೆ 4ರ ಹೊತ್ತಿಗೆ ಕನಿಷ್ಠ. ನೀವು ಅಳತೆಗೆ ಆರಿಸಿದ ಎರಡು ಗಂಟೆಗಳು ತಾವಾಗಿಯೇ ಆ ಅಲೆಯ ಶಿಖರ ಮತ್ತು ತಳದ ಮೇಲೆ ಬಿದ್ದಿವೆ.

ಈ ಅಲೆಯನ್ನು ನೋಡಿದವರಿಗೆಲ್ಲ ಮೊದಲು ಬರುವ ಯೋಚನೆ ಕಡಲಿನ ಭರತ ಇಳಿತ. ಅದೂ ದಿನಕ್ಕೆ ಎರಡು ಸಲ, ಇದೂ ಎರಡು ಸಲ. ಹಾಗಾದರೆ ಇದು ಚಂದ್ರನ ಗುರುತ್ವದ ಕೆಲಸವೇ? ಚಂದ್ರನದ್ದಾಗಿದ್ದರೆ ಗರಿಷ್ಠದ ಹೊತ್ತು ಕಡಲಿನ ಭರತದಂತೆ ದಿನಾ ಸುಮಾರು 50 ನಿಮಿಷ ತಡವಾಗಿ ಮುಂದಕ್ಕೆ ಸರಿಯಬೇಕಿತ್ತು. ಸರಿಯುವುದಿಲ್ಲ. ವರ್ಷವಿಡೀ 10 ಗಂಟೆಯ ಆಸುಪಾಸಿನಲ್ಲೇ ನಿಂತಿರುತ್ತದೆ. ಗಡಿಯಾರದ ಜತೆ ನಡೆಯುವುದರಿಂದ ಇದು ಸೂರ್ಯನದ್ದೇ. ಆದರೆ ಸೂರ್ಯನ ಯಾವುದು, ಗುರುತ್ವವೋ ಬಿಸಿಯೋ? ಗುರುತ್ವವಾದರೆ ಚಂದ್ರನದ್ದು ಸೂರ್ಯನದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಇರಬೇಕಿತ್ತು, ಕಡಲಿನಲ್ಲಿ ಇರುವ ಹಾಗೆ. ಇಲ್ಲಿ ಸೂರ್ಯನ ಅಲೆಯೇ ಹತ್ತಾರು ಪಟ್ಟು ದೊಡ್ಡದು. ಉಳಿದದ್ದು ಬಿಸಿ. ಬಿಸಿಯಾದರೆ ದಿನಕ್ಕೆ ಒಂದೇ ಅಲೆ ಬರಬೇಕಲ್ಲ, ಎರಡೇಕೆ ಎಂಬುದು ದೊಡ್ಡ ತೊಡಕಾಗಿತ್ತು. ಗಾಳಿಗೆ ತನ್ನದೇ 12 ಗಂಟೆಯ ಸಹಜ ತೂಗಾಟ ಇದ್ದು, ಸೂರ್ಯ ಅದಕ್ಕೆ ತಾಳ ಹಾಕುತ್ತಾನೆ ಎಂದು 1882ರಲ್ಲಿ ಲಾರ್ಡ್ ಕೆಲ್ವಿನ್ ಊಹಿಸಿದರು. ಮುಂದೆ ಆ ಊಹೆ ನಿಲ್ಲಲಿಲ್ಲ. ಎತ್ತರದ ಓಝೋನ್ ಪದರವೂ ಕೆಳಗಿನ ನೀರಾವಿಯೂ ಬಿಸಿಲನ್ನು ನೇರವಾಗಿ ಹೀರಿ ಕಾಯುತ್ತವೆ, ಆ ಕಾಯುವಿಕೆಯಲ್ಲಿ ಅಡಗಿದ 12 ಗಂಟೆಯ ಅಂಶವೇ ನೆಲದ ತನಕ ಬಲವಾಗಿ ತಲುಪುತ್ತದೆ, 24 ಗಂಟೆಯದ್ದು ಬಹುಪಾಲು ಮೇಲೆಯೇ ಉಳಿಯುತ್ತದೆ ಎಂದು 1960ರ ದಶಕದಲ್ಲಿ ಸ್ಪಷ್ಟವಾಯಿತು.

ಹೀಗಾಗಿ ನಿಮ್ಮ ಪಟ್ಟಿಯಲ್ಲಿ ಸೂರ್ಯ ಎರಡು ಕೆಲಸ ಮಾಡಿದ್ದಾನೆ. ಗಾಳಿಯನ್ನು ಕಾಯಿಸಿ ವಾಯುಭಾರ ಇಳಿಸಿದ, ಫೋನನ್ನು ಕಾಯಿಸಿ ಅಂಕಿ ಇಳಿಸಿದ. ಎರಡೂ ಜತೆಯಾಗಿ ಇಳಿದದ್ದು ಕಾರಣ ಒಂದೇ ಆದದ್ದರಿಂದ, ಒಂದು ಇನ್ನೊಂದನ್ನು ಇಳಿಸಿದ್ದರಿಂದಲ್ಲ. ಮಕ್ಕಳಿಗೆ ಇದನ್ನು ಇನ್ನೊಂದು ರೀತಿಯಲ್ಲೂ ತೋರಿಸಬಹುದು. ಧರ್ಮತ್ತಡ್ಕದ ಪೊಸಡಿ ಗುಂಪೆಗೆ ಹತ್ತಿಸಿ. ಸಾವಿರ ಅಡಿಯಷ್ಟು ಎತ್ತರಕ್ಕೆ ಏರಿದರೆ ವಾಯುಭಾರ ಸಮುದ್ರಮಟ್ಟಕ್ಕಿಂತ 35 ಮಿಲಿಬಾರಿನಷ್ಟು ಇಳಿದಿರುತ್ತದೆ, ಗುರುತ್ವವೂ ಹತ್ತಾರು ಸಾವಿರ ಮೈಕ್ರೋಗ್ಯಾಲ್ ಕಡಿಮೆಯಾಗಿರುತ್ತದೆ. ಅಲ್ಲಿಯೂ ಎರಡೂ ಒಟ್ಟಿಗೆ ಇಳಿದವು, ಕಾರಣ ಮಾತ್ರ ಎತ್ತರ.

ಈಗ ನಿಜವಾದ ಸಂಬಂಧವನ್ನು ಅಳೆಯುವವರ ಕಡೆಗೆ ಬರೋಣ. ಅದರ ಒಳಗೆ ಸ್ವಾರಸ್ಯ ಬಹಳ. ಉತ್ತರಾಖಂಡದ ಘುತ್ತುವಿನಲ್ಲಿ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ವೀಕ್ಷಣಾಲಯ ಇದೆ. ಭೂಕಂಪದ ಮುನ್ಸೂಚನೆ ಏನಾದರೂ ಸಿಗುತ್ತದೆಯೇ ಎಂದು ನೋಡಲು ಅಲ್ಲಿ ಅತಿವಾಹಕ ಗುರುತ್ವಮಾಪಕವನ್ನು ಇಟ್ಟಿದ್ದಾರೆ. ಅದರಲ್ಲಿ ಸ್ಪ್ರಿಂಗ್ ಇಲ್ಲ. ದ್ರವ ಹೀಲಿಯಂನ ತಂಪಿನಲ್ಲಿ ನಯೋಬಿಯಂ ಲೋಹದ ಒಂದು ಗುಂಡು ಕಾಂತಕ್ಷೇತ್ರದ ಮೇಲೆ ತೇಲುತ್ತಿರುತ್ತದೆ. ಗುರುತ್ವ ಮೈಕ್ರೋಗ್ಯಾಲಿನ ನೂರನೇ ಒಂದು ಭಾಗ ಬದಲಾದರೂ ಅದಕ್ಕೆ ಗೊತ್ತಾಗುತ್ತದೆ. ಅಂಥ ಯಂತ್ರದ ದಾಖಲೆಯಲ್ಲಿ ಮೊದಲು ಕಾಣುವುದು ಚಂದ್ರ ಮತ್ತು ಸೂರ್ಯ. ಅವುಗಳ ಸೆಳೆತದಿಂದ ಗುರುತ್ವ ದಿನಕ್ಕೆ 200 ಮೈಕ್ರೋಗ್ಯಾಲಿಗೂ ಹೆಚ್ಚು ಏರಿಳಿಯಬಹುದು. ನಮ್ಮ ಕಾಲಕೆಳಗಿನ ಗಟ್ಟಿ ನೆಲವೂ ಆಗ ಒಂದು ಅಡಿಯ ಆಸುಪಾಸು ಉಬ್ಬಿ ಇಳಿಯುತ್ತದೆ. ಅದನ್ನು ಲೆಕ್ಕ ಹಾಕಿ ತೆಗೆದ ಮೇಲೆ ಉಳಿಯುವ ಗೆರೆಯನ್ನು ನೋಡಿದರೆ ವಾಯುಭಾರದ ಗೆರೆಯನ್ನೇ ತಲೆಕೆಳಗು ಮಾಡಿ ಬರೆದಂತಿರುತ್ತದೆ. ಮಿಲಿಬಾರಿಗೆ 0.3 ಎಂಬ ಅಂಕಿ ಅಲ್ಲಿಂದ ನೇರವಾಗಿ ಓದಿಕೊಳ್ಳುವಷ್ಟು ಸ್ಪಷ್ಟ. ಆ ಯಂತ್ರದ ಪಕ್ಕದಲ್ಲೇ ಒಂದು ಒಳ್ಳೆಯ ವಾಯುಭಾರ ಮಾಪಕ ಇಲ್ಲದಿದ್ದರೆ ಅದರ ದಾಖಲೆಗೆ ಅರ್ಧ ಬೆಲೆ.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬಳು ಒಂದು ಪ್ರಶ್ನೆ ಎತ್ತಬಹುದು. ಟೊಳ್ಳು ಗೋಳದ ಒಳಗೆ ಇದ್ದವರಿಗೆ ಆ ಗೋಳದ ಸೆಳೆತ ತಟ್ಟುವುದಿಲ್ಲ ಎಂದು ನ್ಯೂಟನ್ ತೋರಿಸಿದ್ದಾರೆ. ವಾಯುಮಂಡಲವೂ ನಮ್ಮ ಸುತ್ತ ಇರುವ ಟೊಳ್ಳು ಗೋಳವೇ ಅಲ್ಲವೇ? ಹೌದು. ಇಡೀ ಭೂಮಿಯ ಮೇಲೆ ಗಾಳಿ ಸಮನಾಗಿ ಹೆಚ್ಚಿದರೆ ನಮ್ಮ ಗುರುತ್ವಕ್ಕೆ ಏನೂ ಆಗುವುದಿಲ್ಲ. ಆದರೆ ಹವಾಮಾನದಲ್ಲಿ ಹಾಗಾಗುವುದಿಲ್ಲ, ಇಲ್ಲಿ ಹೆಚ್ಚಿದರೆ ಇನ್ನೆಲ್ಲೋ ಕಡಿಮೆಯಾಗಿರುತ್ತದೆ. ಲೆಕ್ಕ ಹಾಕಿದರೆ ಪರಿಣಾಮದ ಬಹುಪಾಲು ಬರುವುದು ಸುಮಾರು 50 ಕಿಲೋಮೀಟರಿನ ಒಳಗಿನ ಗಾಳಿಯಿಂದ. ಬದಿಯಡ್ಕದಲ್ಲಿ ನಿಂತು ಅಷ್ಟು ದೂರದ ವೃತ್ತ ಎಳೆದರೆ ಮಂಗಳೂರು, ಪುತ್ತೂರು, ಸುಳ್ಯ, ಕಾಞಂಗಾಡ್ ಎಲ್ಲ ಒಳಗೆ ಬರುತ್ತವೆ, ಪಡುವಣದಲ್ಲಿ ಒಂದಷ್ಟು ಅರಬ್ಬಿ ಸಮುದ್ರವೂ ಬರುತ್ತದೆ. ಗುರುತ್ವದ ಮಟ್ಟಿಗೆ ನಿಮ್ಮ 'ಊರ ಗಾಳಿ' ಅಷ್ಟು.

ಆ ಸಮುದ್ರದಿಂದ ಕರಾವಳಿಯ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕಡಲಿನ ಮೇಲೆ ವಾಯುಭಾರ 1 ಮಿಲಿಬಾರ್ ಇಳಿದರೆ ನೀರು ಸುಮಾರು 1 ಸೆಂಟಿಮೀಟರ್ ಮೇಲೆ ಬರುತ್ತದೆ. ಹೋದ ಗಾಳಿಯ ಭಾರವನ್ನು ಬಂದ ನೀರು ತುಂಬಿಕೊಡುತ್ತದೆ. ಹಾಗಾಗಿ ಕಡಲತಳಕ್ಕೆ ಬೀಳುವ ಒಟ್ಟು ಭಾರ ಬದಲಾಗುವುದಿಲ್ಲ, ಆ ಕಡೆಯ ನೆಲ ಏಳುವುದೂ ಇಲ್ಲ, ಕುಗ್ಗುವುದೂ ಇಲ್ಲ. ಕುಂಬಳೆಯಲ್ಲೋ ಬೇಕಲ ಕೋಟೆಯ ಹತ್ತಿರವೋ ಗುರುತ್ವಮಾಪಕ ಇಟ್ಟರೆ ನೆಲ ಕುಗ್ಗುವ ಆ 0.1ರ ಅಂಶ ಒಳನಾಡಿಗಿಂತ ಕಡಿಮೆ ಸಿಗುತ್ತದೆ. ಕಡಲು ಉಬ್ಬುವ ಈ ಮಾತನ್ನು ನಮ್ಮ ಕರಾವಳಿಯವರು ಬೇರೆ ಕಾರಣಕ್ಕೂ ತಿಳಿದಿರಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲಿನ ಆಚೆ ಉತ್ತರಕ್ಕೆ ಸಾಗಿದಾಗ ದಡಕ್ಕೆ ಬಡಿದದ್ದು ಮುಖ್ಯವಾಗಿ ಗಾಳಿ ಎಬ್ಬಿಸಿದ ಅಲೆ. ವಾಯುಭಾರ ಇಳಿದು ಕಡಲಮಟ್ಟವೇ ಕೆಲವು ಸೆಂಟಿಮೀಟರ್ ಏರಿದ್ದರೆ ಅದೇ ಅಲೆ ಇನ್ನಷ್ಟು ಒಳಗೆ ಬರುತ್ತದೆ. ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡವರಿಗೆ ಸೆಂಟಿಮೀಟರ್ ಸಣ್ಣ ಅಳತೆಯಲ್ಲ.

ಕಾಸರಗೋಡಿನಲ್ಲಿ ಗುರುತ್ವ ಅಳೆಯುವವರಿಗೆ ವಾಯುಭಾರಕ್ಕಿಂತ ದೊಡ್ಡ ತಲೆನೋವು ಮಳೆ. ನಮ್ಮಲ್ಲಿ ವರ್ಷಕ್ಕೆ 3 ಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಅದರಲ್ಲಿ ಒಂದು ಪಾಲು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡದೊಳಗೆ ಇಳಿಯುತ್ತದೆ. ಮಾಪಕದ ಕೆಳಗೆ 1 ಮೀಟರ್ ದಪ್ಪದ ನೀರಿನ ಪದರ ಸೇರಿದರೆ ಗುರುತ್ವ ಸುಮಾರು 42 ಮೈಕ್ರೋಗ್ಯಾಲ್ ಹೆಚ್ಚುತ್ತದೆ. ಬಾವಿಯ ನೀರು ಮಳೆಗಾಲದಲ್ಲಿ 5 ಮೀಟರ್ ಏರಿತು, ಮುರಕಲ್ಲಿನ ಸಂದುಗಳಲ್ಲಿ ಹತ್ತರಲ್ಲಿ ಒಂದು ಪಾಲು ಜಾಗ ನೀರು ಹಿಡಿಯಿತು ಎಂದಿಟ್ಟುಕೊಳ್ಳಿ. ಆಗ ಸೇರಿದ್ದು ಅರ್ಧ ಮೀಟರ್ ನೀರು, ಗುರುತ್ವದಲ್ಲಿ 21 ಮೈಕ್ರೋಗ್ಯಾಲ್. ಅಷ್ಟು ಬದಲಾವಣೆಯನ್ನು ಗಾಳಿಯಿಂದ ತರಬೇಕಿದ್ದರೆ ವಾಯುಭಾರ 70 ಮಿಲಿಬಾರ್ ಬದಲಾಗಬೇಕು, ಚಂಡಮಾರುತದ ಕಣ್ಣಿನಲ್ಲಿ ನಿಂತರೆ ಮಾತ್ರ ಅಂಥದ್ದು ಕಾಣಬಹುದು. ನೀರಿಗಾಗಿ ಕೊರೆದ ನಮ್ಮ ಸುರಂಗಗಳಲ್ಲಿ ಲೆಕ್ಕ ಇನ್ನೂ ಚೆಂದ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದ ಒಳಗೆ ಮಾಪಕ ಇಟ್ಟರೆ ಜೂನ್ ಮಳೆಯ ನೀರು ಮೊದಲು ಇರುವುದು ಮಾಪಕದ ತಲೆಯ ಮೇಲೆ. ಅದು ಮೇಲಕ್ಕೆ ಎಳೆಯುತ್ತದೆ, ಗುರುತ್ವ ಇಳಿಯುತ್ತದೆ. ನೀರು ಬಸಿದು ಕೆಳಗೆ ದಾಟಿದಂತೆ ಗುರುತ್ವ ಏರುತ್ತದೆ. ಗುಡ್ಡ ನೀರನ್ನು ಎಷ್ಟು ದಿನ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಒಂದು ಹನಿ ಮುಟ್ಟದೆ ತಿಳಿಯುವ ದಾರಿ ಇದು. ಸುರಂಗದೊಳಗೆ ಉಷ್ಣತೆ ಹೆಚ್ಚು ಏರಿಳಿಯದಿರುವುದರಿಂದ ಸೂಕ್ಷ್ಮ ಯಂತ್ರಕ್ಕೂ ಒಳ್ಳೆಯ ಜಾಗ. ನಮ್ಮ ಜಿಲ್ಲೆಯ ಸುರಂಗಗಳಲ್ಲಿ ಇಂಥ ಅಧ್ಯಯನ ನಡೆಯಬೇಕೆಂಬುದು ನನ್ನ ಬಲವಾದ ಆಸೆ.

ಇದನ್ನೇ ಆಕಾಶದಿಂದ ಮಾಡಿದ್ದು ಗ್ರೇಸ್ ಉಪಗ್ರಹ ಜೋಡಿ. 2002ರಲ್ಲಿ ಹಾರಿದ ಇವು ಒಂದರ ಹಿಂದೆ ಒಂದು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಸುತ್ತುತ್ತಿದ್ದವು. ಕೆಳಗೆ ಗುರುತ್ವ ಹೆಚ್ಚಿರುವ ಜಾಗ ಬಂದರೆ ಮುಂದಿನದು ತುಸು ಮೊದಲೇ ಸೆಳೆಯಲ್ಪಟ್ಟು ಅಂತರ ಬದಲಾಗುತ್ತದೆ, ಆ ಬದಲಾವಣೆಯನ್ನು ಮೈಕ್ರೋಮೀಟರಿನ ಮಟ್ಟದಲ್ಲಿ ಅಳೆಯುತ್ತಿದ್ದರು. ಪಂಜಾಬ್, ಹರಿಯಾಣ, ರಾಜಸ್ಥಾನದ ಅಂತರ್ಜಲ ಬರಿದಾಗುತ್ತಿರುವುದು 2009ರಲ್ಲಿ ಲೋಕಕ್ಕೆ ಗೊತ್ತಾದದ್ದು ಈ ಅಳತೆಯಿಂದ. ಆದರೆ ಉಪಗ್ರಹಕ್ಕೆ ನೀರು ಯಾವುದು ಗಾಳಿ ಯಾವುದು ಎಂದು ಗೊತ್ತಿಲ್ಲ. 1 ಮಿಲಿಬಾರ್ ಗಾಳಿಯೂ 1 ಸೆಂಟಿಮೀಟರ್ ನೀರೂ ಅದಕ್ಕೆ ಒಂದೇ. ಅದಕ್ಕಾಗಿ ಜಗತ್ತಿನ ವಾಯುಭಾರದ ನಕ್ಷೆಯನ್ನು ಗಂಟೆಗಳ ಲೆಕ್ಕದಲ್ಲಿ ತಂದು ಅದರ ಸೆಳೆತವನ್ನು ಕಳೆದೇ ನೀರಿನ ಲೆಕ್ಕ ಬರೆಯುತ್ತಾರೆ. ಹವಾಮಾನ ಕೇಂದ್ರದಲ್ಲಿ ಯಾರೋ ಶ್ರದ್ಧೆಯಿಂದ ಬರೆದ ವಾಯುಭಾರದ ಅಂಕಿ ರೈತನ ಕೊಳವೆಬಾವಿಯ ಲೆಕ್ಕಕ್ಕೂ ಬೇಕಾಗುತ್ತದೆ.

ಇನ್ನು ವಾಟ್ಸಾಪಿನ ಸಂದೇಶ. ಅದರ ಅರ್ಧ ಭಾಗ ಸತ್ಯ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ನಿಜವಾಗಿಯೂ ಕಡಿಮೆ. ಅಲ್ಲಿ ಸರಾಸರಿ ಕಡಲಮಟ್ಟ ಭೂಮಿಯ ಆದರ್ಶ ಆಕಾರಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ, ಇದು ಜಗತ್ತಿನಲ್ಲೇ ಅತಿ ಆಳದ ತಗ್ಗು. ನಮ್ಮ ಕರಾವಳಿಯೂ ಈ ತಗ್ಗಿನ ಇಳಿಜಾರಿನಲ್ಲೇ ಇದೆ. ಕಾಸರಗೋಡಿನ ಕಡಲದಡದಲ್ಲಿ ತಿದ್ದುಪಡಿ ಇಲ್ಲದ ಜಿಪಿಎಸ್ ಎತ್ತರ ನೋಡಿದರೆ ಮೈನಸ್ 80 ಮೀಟರಿಗೂ ಕೆಳಗೆ ತೋರಿಸುವುದು ಇದೇ ಕಾರಣಕ್ಕೆ. ಈ ತಗ್ಗಿನ ಮೂಲ ಏನೆಂಬುದರ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ 2023ರಲ್ಲಿ ಒಂದು ವಿವರಣೆ ಕೊಟ್ಟರು. ಹಳೆಯ ಟೆಥಿಸ್ ಸಾಗರದ ತಳ ಭೂಮಿಯ ಆಳಕ್ಕೆ ಮುಳುಗಿ, ಆಫ್ರಿಕಾದ ಅಡಿಯ ಬಿಸಿ ರಾಶಿಯನ್ನು ಕದಡಿ, ಅಲ್ಲಿಂದ ಎದ್ದ ಹಗುರ ಬಿಸಿ ಶಿಲೆ ಈ ಪ್ರದೇಶದ ಅಡಿ ಸೇರಿಕೊಂಡಿದೆ ಎಂಬುದು ಅವರ ಲೆಕ್ಕಾಚಾರ. ತಗ್ಗು ಈಗಿನ ಆಕಾರಕ್ಕೆ ಬಂದು ಸುಮಾರು 2 ಕೋಟಿ ವರ್ಷ ಆಗಿರಬೇಕು ಎಂದೂ ಅವರು ಹೇಳಿದ್ದಾರೆ.

ಆದರೆ ಈ ತಗ್ಗಿಗೆ ಗಾಳಿ ನುಗ್ಗಿ ವಾಯುಭಾರ ಕುಸಿತ ಆಗುವುದಿಲ್ಲ. ತಗ್ಗು ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಅಲ್ಲಿ ಕಡಲು 106 ಮೀಟರ್ ಕೆಳಗಿದ್ದರೂ ಹಡಗು ಅದರತ್ತ ಜಾರುವುದಿಲ್ಲ, ನೀರು ಅತ್ತ ಹರಿಯುವುದಿಲ್ಲ. ಗುರುತ್ವ ಎಲ್ಲಿ ಹೇಗಿದೆಯೋ ಅದಕ್ಕೆ ತಕ್ಕಂತೆ ಕಡಲು ತನ್ನ ಮಟ್ಟವನ್ನು ಹೊಂದಿಸಿಕೊಂಡಾಗಿದೆ, ಅಲ್ಲಿ ನಿಂತವರಿಗೆ ಅದೇ ಸಮತಟ್ಟು. ಅದರ ಮೇಲೆ ಕೂತ ಗಾಳಿಗೂ ಅದೇ ಸಮತಟ್ಟು. ಗಾಳಿ ಬೀಸುವುದು ಒಂದೇ ಸಮಮಟ್ಟದ ಎರಡು ಜಾಗಗಳಲ್ಲಿ ವಾಯುಭಾರ ಬೇರೆಬೇರೆ ಆದಾಗ, ಮತ್ತು ಆ ವ್ಯತ್ಯಾಸ ಹುಟ್ಟುವುದು ಬಿಸಿ, ತೇವ, ಗಾಳಿಯ ಸುತ್ತಾಟದಿಂದ. ಬೇಕಾದರೆ ಗುರುತ್ವದ ಅಂಕಿಯನ್ನೇ ಹಾಕಿ ನೋಡಿ. ತಗ್ಗಿನ ಭಾಗದಲ್ಲಿ ಗುರುತ್ವದ ಕೊರತೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿನ ಮಟ್ಟದ್ದು. ಅಷ್ಟೇ ಗಾಳಿ ಅಷ್ಟು ಕಡಿಮೆ ತೂಗಿದರೆ ವ್ಯತ್ಯಾಸ 0.05 ಮಿಲಿಬಾರ್. ಅದೂ ಕೋಟಿ ವರ್ಷಗಳಿಂದ ಅಲ್ಲೇ ಇರುವಂಥದ್ದು, ಮೇ ತಿಂಗಳ ಒಂದು ವಾರದಲ್ಲಿ ದಿಢೀರನೆ ಚಂಡಮಾರುತ ಎಬ್ಬಿಸಲಾರದು. ಚಂಡಮಾರುತಕ್ಕೆ ಬೇಕಾದ್ದು ಸುಮಾರು 26.5 ಡಿಗ್ರಿ ಮೀರಿದ ಕಡಲು, ತೇವದ ಗಾಳಿ, ಮೇಲೂ ಕೆಳಗೂ ಗಾಳಿಯ ವೇಗದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದಿರುವುದು, ಭೂಮಿಯ ತಿರುಗಾಟದ ನೆರವು. ಅರಬ್ಬಿ ಸಮುದ್ರ ಬಿಸಿಯಾಗುತ್ತಿರುವುದು ನಮ್ಮ ನಿಜವಾದ ಚಿಂತೆ. ಅದರ ಬದಲು ಗುರುತ್ವದ ಕಡೆಗೆ ಬೆರಳು ತೋರಿಸಿದರೆ ಮಕ್ಕಳ ಗಮನ ತಪ್ಪು ಕಡೆಗೆ ಹೋಗುತ್ತದೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಗುರುತ್ವ ವಾಯುಭಾರದ ಅಂಕಿಯನ್ನು ಬದಲಿಸುವ ಒಂದು ಜಾಗ ಮಾತ್ರ ಇದೆ, ಅದು ಪಾದರಸದ ಮಾಪಕದ ಒಳಗೆ. ಗುರುತ್ವ ಕಡಿಮೆ ಇದ್ದಲ್ಲಿ ಪಾದರಸ ಹಗುರ, ಅಷ್ಟೇ ವಾಯುಭಾರಕ್ಕೆ ಕಂಬ ಹೆಚ್ಚು ಎತ್ತರ ನಿಲ್ಲುತ್ತದೆ. ನಮ್ಮ ಅಕ್ಷಾಂಶದಲ್ಲಿ ಗುರುತ್ವ ಸುಮಾರು 9.78, ಮಾಪಕದ ಗೆರೆ ಹಾಕಿದ್ದು 9.80665ಕ್ಕೆ. ಹಾಗಾಗಿ ಕಾಸರಗೋಡಿನಲ್ಲಿ ಪಾದರಸದ ಮಾಪಕ ಓದಿದವರು ಸುಮಾರು 2.4 ಮಿಲಿಬಾರ್ ಕಳೆಯಬೇಕು. ನಿಮ್ಮ ದಿನದ ಏರಿಳಿತದಷ್ಟೇ ದೊಡ್ಡ ತಿದ್ದುಪಡಿ ಇದು. ಚಿನ್ನದಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೂ ಇದೇ ನಿಯಮ. ದೆಹಲಿಯಲ್ಲಿ ಹೊಂದಿಸಿದ ತಕ್ಕಡಿಯನ್ನು ಹಾಗೆಯೇ ಕಾಸರಗೋಡಿಗೆ ತಂದು ಒಂದು ಪವನು, ಅಂದರೆ 8 ಗ್ರಾಂ ಇಟ್ಟರೆ ಸುಮಾರು 7 ಮಿಲಿಗ್ರಾಂ ಕಡಿಮೆ ತೋರಿಸುತ್ತದೆ. ಪ್ರಮಾಣಿತ ತೂಕದ ಬಟ್ಟು ಇಟ್ಟು ಅಂಗಡಿಯಲ್ಲೇ ಮತ್ತೆ ಹೊಂದಿಸುವುದು ಅದಕ್ಕಾಗಿ. ಎರಡು ತಟ್ಟೆಯ ಹಳೆಯ ತಕ್ಕಡಿಗೆ ಈ ತೊಂದರೆ ಇಲ್ಲ.

ಗುರುತ್ವ ಅಳೆಯುವವರು ಗಾಳಿಯ ಕಾಟವನ್ನು ಹಿಂದಿನಿಂದಲೂ ಬಲ್ಲರು. 1860ರ ದಶಕದಲ್ಲಿ ಭಾರತದ ಸರ್ವೆ ಇಲಾಖೆಯ ಕ್ಯಾಪ್ಟನ್ ಬೇಸೆವಿ ಲೋಲಕ ತೂಗಿಸಿ ದೇಶದ ಉದ್ದಕ್ಕೂ ಗುರುತ್ವ ಅಳೆದರು. ಲೋಲಕವನ್ನು ಗಾಳಿ ತೆಗೆದ ಪೆಟ್ಟಿಗೆಯೊಳಗೆ ತೂಗಿಸುತ್ತಿದ್ದರು, ಗಾಳಿ ಅದನ್ನು ತಡೆಯುತ್ತದೆ, ತೇಲಿಸುತ್ತದೆ, ವಾಯುಭಾರ ಬದಲಾದಂತೆ ಅವಧಿಯೂ ಬದಲಾಗುತ್ತದೆ ಎಂದು. 1871ರಲ್ಲಿ ಲಡಾಖಿನ ಎತ್ತರದಲ್ಲಿ ಇದೇ ಅಳತೆ ಮಾಡುತ್ತಿದ್ದಾಗ ಚಳಿ ತಡೆಯಲಾಗದೆ ಅವರು ತೀರಿಕೊಂಡರು. ಗುರುತ್ವದ ನಕ್ಷೆಯ ಮೇಲಿನ ಒಂದೊಂದು ಅಂಕಿಯ ಹಿಂದೆ ಇಂಥ ದುಡಿಮೆ ಇದೆ.

ಕೊನೆಗೆ ಅಮಾವಾಸ್ಯೆ, ಹುಣ್ಣಿಮೆಯ ಮಳೆ. ಚಂದ್ರ ಗಾಳಿಯಲ್ಲೂ ಭರತ ಎಬ್ಬಿಸುತ್ತಾನೆ, ಇದು ಖಚಿತ. ಪ್ಯಾರಿಸಿನ ವಾಯುಭಾರದ ದಾಖಲೆಗಳಲ್ಲಿ ಅದನ್ನು ಹುಡುಕಿದ ಫ್ರೆಂಚ್ ಗಣಿತಜ್ಞ ಲಾಪ್ಲಾಸ್‌ಗೆ ಅದು ಸಿಗಲಿಲ್ಲ. ಉಷ್ಣವಲಯದ ಸೇಂಟ್ ಹೆಲೆನಾ ದ್ವೀಪದ ದಾಖಲೆಯಿಂದ 1847ರಲ್ಲಿ ಬ್ರಿಟಿಷ್ ವಿಜ್ಞಾನಿ ಸಬೈನ್ ಅದನ್ನು ಬೇರ್ಪಡಿಸಿ ತೋರಿಸಿದರು. ಉಷ್ಣವಲಯದಲ್ಲಿ ಅದರ ಪ್ರಮಾಣ ಸುಮಾರು 0.08 ಮಿಲಿಬಾರ್. ಮನೆಯ ಜಗಲಿಯಿಂದ ಅಂಗಳಕ್ಕೆ ಇಳಿದರೆ ಆಗುವ ವಾಯುಭಾರದ ವ್ಯತ್ಯಾಸ ಅಷ್ಟೇ. ಇದೂ ಗಾಳಿಯ ತೂಕ ಕಡಿಮೆಯಾಗಿ ಆಗುವುದಲ್ಲ, ಚಂದ್ರನ ಅಡ್ಡ ಸೆಳೆತಕ್ಕೆ ಗಾಳಿ ಪಕ್ಕಕ್ಕೆ ಸರಿದು ಆಗುವುದು. ಉಪಗ್ರಹದ 15 ವರ್ಷದ ಮಳೆ ಅಂಕಿಗಳನ್ನು ಜಾಲಾಡಿದ ಕೊಹ್ಯಾಮಾ ಮತ್ತು ವಾಲೇಸ್ ಎಂಬ ವಿಜ್ಞಾನಿಗಳು 2016ರಲ್ಲಿ, ಚಂದ್ರ ನೆತ್ತಿಯ ಮೇಲಿದ್ದಾಗ ಮಳೆ ಒಂದಿಷ್ಟು ಕಡಿಮೆ ಎಂದು ತೋರಿಸಿದರು. ಆದರೆ ಮಳೆಯ ಒಟ್ಟು ಏರುಪೇರಿನಲ್ಲಿ ಅದರ ಪಾಲು ಶೇಕಡಾ 1ರ ಸುತ್ತ, ಯಾರೂ ಅಂಗಳದಲ್ಲಿ ನಿಂತು ಗುರುತಿಸುವಂಥದ್ದಲ್ಲ. ಅಲ್ಲದೆ ಅದು ಚಂದ್ರ ನೆತ್ತಿಗೆ ಬರುವ ಹೊತ್ತಿನ ಮಾತು, ತಿಥಿಯ ಮಾತಲ್ಲ. ಅಡಿಕೆಗೆ ಮದ್ದು ಬಿಡುವ ದಿನವನ್ನು ಅಮಾವಾಸ್ಯೆ ನೋಡಿ ನಿರ್ಧರಿಸುವ ಬದಲು ಹವಾಮಾನ ಇಲಾಖೆಯ ಮುನ್ಸೂಚನೆ ನೋಡುವುದೇ ಸರಿ ಎಂದು ಹಿರಿಯರಿಗೆ ಗೌರವದಿಂದಲೇ ಹೇಳಬಹುದು.

ಮಕ್ಕಳು ಮುಂದೆ ಏನು ಮಾಡಬಹುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗುರುತ್ವದ ಅಂಕಿಯನ್ನು ಬಿಟ್ಟುಬಿಡಿ. ಹಳೆಯ ಫೋನೊಂದನ್ನು, ವಾಯುಭಾರ ಮಾಪಕ ಇರುವಂಥದ್ದನ್ನು, ಶಾಲೆಯ ಒಂದೇ ಕಪಾಟಿನಲ್ಲಿ ಕದಲಿಸದೆ ಚಾರ್ಜಿಗೆ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಅಂಕಿ ಬರೆದುಕೊಳ್ಳುವ ಆ್ಯಪ್ ಹಾಕಿ. ಜನವರಿ ತಿಂಗಳಲ್ಲಿ ಆಕಾಶ ಶುಭ್ರ ಇರುವುದರಿಂದ ಎರಡು ವಾರದ ಗೆರೆಯಲ್ಲೇ 10 ಮತ್ತು 4ರ ಅಲೆ ಹಲ್ಲಿನ ಸಾಲಿನಂತೆ ಸ್ಪಷ್ಟವಾಗಿ ಮೂಡುತ್ತದೆ. ಬಳಿಕ ಅದೇ ಫೋನನ್ನು ಜೂನ್‌ನಲ್ಲಿ ಶಾಲೆ ತೆರೆದ ದಿನದಿಂದ ಮತ್ತೆ ಬರೆಯಲು ಬಿಡಿ. ಮುಂಗಾರಿನ ದಿನಗಳಲ್ಲಿ ಅದೇ ಅಲೆಯ ಅಡಿಯ ಗೆರೆ ಹೇಗೆ ಕುಸಿಯುತ್ತದೆ, ಮತ್ತೆ ಹೇಗೆ ಏರುತ್ತದೆ, ಆ ದಿನಗಳಲ್ಲಿ ಪತ್ರಿಕೆಯಲ್ಲಿ ವಾಯುಭಾರ ಕುಸಿತದ ಸುದ್ದಿ ಇತ್ತೇ ಎಂದು ಮಕ್ಕಳೇ ಹೊಂದಿಸಿ ನೋಡಲಿ. ಪ್ರತಿ ಮಿಲಿಬಾರಿಗೆ 0.3 ಮೈಕ್ರೋಗ್ಯಾಲ್ ಎಂದು ಲೆಕ್ಕ ಹಾಕಿ, ತಮ್ಮ ಶಾಲೆಯ ಗುರುತ್ವ ಆ ದಿನ ಎಷ್ಟು ಬದಲಾಗಿರಬೇಕು ಎಂಬುದನ್ನೂ ಪಕ್ಕದ ಕಾಲಂನಲ್ಲಿ ಬರೆಯಲಿ. ಅಂಕಿಗಳ ಫೈಲನ್ನು ನನಗೆ ಕಳಿಸಿದರೆ 12 ಗಂಟೆಯ ಅಲೆಯ ಗಾತ್ರವನ್ನು ಅದರಿಂದ ಹೇಗೆ ಬೇರ್ಪಡಿಸುವುದು ಎಂದು ಹಂತಹಂತವಾಗಿ ಬರೆದು ಕಳಿಸುತ್ತೇನೆ.